ಹಿಮ ಸುರಿದ ದಿನ ನ್ಯಾನಿಯ ಹಾಜರಿ ಮತ್ತು ಸಂಬಳ: ಅಮೆರಿಕದಲ್ಲಿರುವ ಅಪ್ಪ-ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ಆರೂ ಕಾಲು. ಹೊರಗೆ ಇನ್ನೂ ಕತ್ತಲು. ರಸ್ತೆ ಯಾವುದು, ಹುಲ್ಲು ಯಾವುದು ಅಂತ ಗೊತ್ತಾಗದಷ್ಟು ಹಿಮ. ಎಂಟಕ್ಕೆ ನಿಮಗೆ ಮೀಟಿಂಗ್ ಇದೆ. ಫೋನ್ ನೋಡಿದರೆ ನ್ಯಾನಿಯ ಮೆಸೇಜ್: "ನಮ್ಮ ಕಡೆ ರಸ್ತೆ ತುಂಬಾ ಕೆಟ್ಟದಾಗಿದೆ. ಏನು ಮಾಡಲಿ?"

ಆ ಮೆಸೇಜಿನಲ್ಲಿ ಎರಡು ಪ್ರಶ್ನೆಗಳಿವೆ. ಬರಲಾ, ಬೇಡವಾ ಅನ್ನುವುದು ಒಂದು. ಇನ್ನೊಂದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ: ಬರದಿದ್ದರೆ ಇವತ್ತಿನ ಸಂಬಳ ಹೋಗುತ್ತಾ?

ನಾವಿರುವುದು ಒಹಾಯೋದಲ್ಲಿ. ನ್ಯಾನಿ ಇಟ್ಟುಕೊಂಡ ಮೊದಲ ಚಳಿಗಾಲ ನಮ್ಮಲ್ಲಿ ಈ ಎರಡನೇ ಪ್ರಶ್ನೆಗೆ ಉತ್ತರ ಇರಲಿಲ್ಲ. ಅವರ ಮನೆ ಪಕ್ಕದ ಕೌಂಟಿಯಲ್ಲಿತ್ತು, ನಮ್ಮಿಂದ 25 ಮೈಲಿ ದೂರ. ಒಂದು ಮಂಗಳವಾರ ಅವರ ಕಡೆ ಜಾಸ್ತಿ ಹಿಮ ಬಿತ್ತು, ನಮ್ಮ ಕಡೆ ಅಷ್ಟೊಂದು ಇರಲಿಲ್ಲ. ಅವರು ಬರಲಿಲ್ಲ. ಶುಕ್ರವಾರ ಆ ದಿನದ ಎಂಟು ಗಂಟೆಯ ಸಂಬಳ ಕಳೆದು ಉಳಿದದ್ದನ್ನು ಕೊಟ್ಟೆವು. ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ತಿಂಗಳು ಬೇರೆ ಕೆಲಸ ನೋಡಿಕೊಂಡಿದ್ದೇನೆ ಅಂದರು. ಮಗಳು ಅವರ ಹೆಸರು ಹೇಳಿಕೊಂಡು ಎರಡು ವಾರ ಅತ್ತಳು. ಒಂದು ದಿನದ ಸಂಬಳ ಉಳಿಸಲು ಹೋಗಿ ಮಗುವಿಗೆ ಹೊಂದಿಕೊಂಡಿದ್ದ ಜೀವವನ್ನು ಕಳೆದುಕೊಂಡೆವು. ಅದಾದ ಮೇಲೆ ಮಾಡಿಕೊಂಡ ಏರ್ಪಾಡನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಇದೆಲ್ಲ ನಡೆಯಬೇಕಾದದ್ದು ಅಕ್ಟೋಬರ್, ನವೆಂಬರಿನಲ್ಲಿ. ಹಿಮ ಬಿದ್ದ ಬೆಳಗ್ಗೆ ಯಾರ ತಲೆಯೂ ಸರಿಯಾಗಿ ಓಡುವುದಿಲ್ಲ.

ಹೆಜ್ಜೆ 1: ಕಾನೂನು ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ

ನ್ಯಾನಿ ನಿಮ್ಮ ನೌಕರರು, ನೀವು ಅವರ ಮಾಲೀಕರು. ಮನೆಗಳಲ್ಲಿ ದುಡಿಯುವವರನ್ನು 1974ರಲ್ಲಿ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟಿನ (ಕನಿಷ್ಠ ವೇತನ, ಓವರ್‌ಟೈಮಿನ ಫೆಡರಲ್, ಅಂದರೆ ಇಡೀ ದೇಶದ ಕಾನೂನು) ವ್ಯಾಪ್ತಿಗೆ ತಂದರು. ಅದರ ಪ್ರಕಾರ ನ್ಯಾನಿಗೆ ಗಂಟೆ ಲೆಕ್ಕದಲ್ಲೇ ಸಂಬಳ. ಒಂದು ವಾರದಲ್ಲಿ 40 ಗಂಟೆ ಮೀರಿದರೆ, ಮೀರಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು. "ತಿಂಗಳಿಗೆ ಇಷ್ಟು ಅಂತ ಮಾತಾಡಿಕೊಂಡಿದ್ದೇವೆ" ಅಂದರೂ ಓವರ್‌ಟೈಮ್ ತಪ್ಪುವುದಿಲ್ಲ. ನಿಮ್ಮ ಮನೆಯಲ್ಲೇ ಇರುವ ನ್ಯಾನಿಗೆ ಫೆಡರಲ್ ಕಾನೂನಿನಲ್ಲಿ ಓವರ್‌ಟೈಮ್ ಇಲ್ಲ. ಆದರೆ ರಾಜ್ಯದ ಕಾನೂನು ಬೇರೆ ಇರಬಹುದು. ನ್ಯೂಯಾರ್ಕಿನಲ್ಲಿ ಅವರಿಗೂ 44 ಗಂಟೆ ಮೀರಿದರೆ ಓವರ್‌ಟೈಮ್ ಕೊಡಬೇಕು.

ಹಿಮದ ದಿನದ ಬಗ್ಗೆ ಫೆಡರಲ್ ಕಾನೂನು ಹೇಳುವುದು ಇಷ್ಟೇ: ಕೆಲಸ ಮಾಡಿದ ಗಂಟೆಗೆ ಸಂಬಳ ಕೊಡಿ. ಮಾಡದ ಗಂಟೆಗೆ ಕೊಡಲೇಬೇಕು ಅಂತಿಲ್ಲ. ಮನೆಯಿಂದ ನಿಮ್ಮ ಮನೆಗೆ ಬರುವ ಸಮಯವೂ ಕೆಲಸದ ಲೆಕ್ಕಕ್ಕೆ ಸೇರುವುದಿಲ್ಲ. 20 ನಿಮಿಷದ ದಾರಿ ಹಿಮದಲ್ಲಿ ಎರಡು ಗಂಟೆ ಹಿಡಿದರೂ ಅಷ್ಟೇ. ಕೆಲವು ರಾಜ್ಯಗಳಲ್ಲಿ ಕೆಲಸಕ್ಕೆ ಬಂದವರನ್ನು ಬೇಗ ವಾಪಸ್ ಕಳಿಸಿದರೆ ಕನಿಷ್ಠ ಇಷ್ಟು ಗಂಟೆಯ ಸಂಬಳ ಕೊಡಬೇಕು ಅನ್ನುವ ನಿಯಮ ಇದೆ. ನಿಮ್ಮ ರಾಜ್ಯದ ಲೇಬರ್ ಡಿಪಾರ್ಟ್‌ಮೆಂಟಿನ ವೆಬ್‌ಸೈಟನ್ನು ಒಮ್ಮೆ ನೋಡಿ.

ಅಂದರೆ ನಮ್ಮ ಮೊದಲ ವರ್ಷದ ಆ ಶುಕ್ರವಾರ ನಾವು ಕಾನೂನು ಮುರಿದಿರಲಿಲ್ಲ. ಆದರೂ ತಪ್ಪು ಮಾಡಿದ್ದೆವು. ಕಾನೂನು ಸುಮ್ಮನಿರುವ ಜಾಗದಲ್ಲಿ ನಿಮ್ಮಿಬ್ಬರ ಮಾತೇ ಕಾನೂನು. ಆ ಮಾತನ್ನು ನಾವು ಆಡಿಯೇ ಇರಲಿಲ್ಲ.

ಹೆಜ್ಜೆ 2: ಗ್ಯಾರಂಟೀಡ್ ಅವರ್ಸ್ ಇದ್ದರೆ ಸಾಕಾ? ಸಾಲದು

ಇಲ್ಲಿನ ನ್ಯಾನಿ ಕೆಲಸದಲ್ಲಿ "ಗ್ಯಾರಂಟೀಡ್ ಅವರ್ಸ್" ಅನ್ನುವುದು ಮಾಮೂಲಿ ಮಾತು. ವಾರಕ್ಕೆ 40 ಗಂಟೆ ಅಂತ ಒಪ್ಪಿಕೊಂಡರೆ, ನಿಮಗೆ ಆ ವಾರ 30 ಗಂಟೆ ಸಾಕಾದರೂ ಕೊಡುವುದು 40ರ ಸಂಬಳ. ನೀವು ಪ್ರವಾಸ ಹೋದರೂ, ಊರಿಂದ ಅಜ್ಜಿ-ತಾತ ಬಂದಿದ್ದಾರೆ ಅಂತ ಒಂದು ದಿನ ಬೇಡ ಅಂದರೂ ಅವರ ಸಂಬಳ ಕಡಿಮೆಯಾಗುವುದಿಲ್ಲ. ಅವರು ಆ ಗಂಟೆಗಳನ್ನು ನಿಮಗೋಸ್ಕರ ಎತ್ತಿಟ್ಟಿರುತ್ತಾರೆ. ಆ ಸಮಯದಲ್ಲಿ ಬೇರೆಲ್ಲೂ ದುಡಿಯುವ ಹಾಗಿಲ್ಲ. ಬಾಡಿಗೆ ಮನೆಯಲ್ಲಿ ಒಂದು ವಾರ ಇರಲಿಲ್ಲ ಅಂತ ಬಾಡಿಗೆ ಕಡಿಮೆ ಕೊಡುತ್ತೇವಾ? ಹಾಗೆಯೇ ಇದೂ.

ತೊಂದರೆ ಇರುವುದು ಇಲ್ಲಿ. ಈ ಮಾತು ಹೊಂದುವುದು ನ್ಯಾನಿ ಬರಲು ಸಿದ್ಧರಿದ್ದು, ನೀವು ಬೇಡ ಅಂದಾಗ. ಹಿಮದ ದಿನ ಹಾಗಿರುವುದಿಲ್ಲ. ನಿಮಗೆ ಅವರು ಬೇಕು, ಅವರಿಗೂ ಬರುವ ಮನಸ್ಸಿದೆ, ಮಧ್ಯದ ರಸ್ತೆ ಇಲ್ಲ. ಇಂಥ ದಿನ ಅವರು "ಸಿದ್ಧರಿದ್ದಾರೆ" ಅನ್ನಬೇಕಾ, "ಗೈರು" ಅನ್ನಬೇಕಾ? ಅಗ್ರಿಮೆಂಟಿನಲ್ಲಿ ಗ್ಯಾರಂಟೀಡ್ ಅವರ್ಸ್ ಅಂತ ಒಂದು ಸಾಲು ಬರೆದು ನೆಮ್ಮದಿಯಾಗಿದ್ದ ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದು ಇದೇ ಜಾಗದಲ್ಲಿ. ಅಪ್ಪ-ಅಮ್ಮ ಒಂದು ಅರ್ಥ ಮಾಡಿಕೊಂಡಿರುತ್ತಾರೆ, ನ್ಯಾನಿ ಇನ್ನೊಂದು. ಇಬ್ಬರೂ ಪ್ರಾಮಾಣಿಕರೇ. ಆದ್ದರಿಂದ ಹವಾಮಾನಕ್ಕೆ ಅಂತಲೇ ಒಂದು ಪ್ರತ್ಯೇಕ ಕಲಮು ಬೇಕು.

ಹೆಜ್ಜೆ 3: "ಕೆಟ್ಟ ದಿನ" ಯಾವುದು ಅಂತ ಮೊದಲೇ ಗೆರೆ ಎಳೆಯಿರಿ

"ತುಂಬಾ ಹಿಮ ಬಿದ್ದರೆ" ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ. ದೊಡ್ಡ ಎಸ್‌ಯುವಿ ಓಡಿಸುವ ನಿಮಗೆ ಆರು ಇಂಚು ಏನೂ ಅಲ್ಲ. ಹಳೆಯ ಚಿಕ್ಕ ಕಾರಿನಲ್ಲಿ ಬರುವ ಅವರಿಗೆ ಮೂರು ಇಂಚೇ ಜಾಸ್ತಿ. ಬಸ್ಸಿನಲ್ಲಿ ಬರುವವರಿಗೆ ಬಸ್ ನಿಂತರೆ ಅಲ್ಲಿಗೆ ಮುಗಿಯಿತು. ಗೆರೆಯನ್ನು ನೀವಿಬ್ಬರೂ ಎಳೆಯುವ ಬದಲು ಹೊರಗಿನ ಯಾರಾದರೂ ಎಳೆದರೆ ಜಗಳಕ್ಕೆ ಜಾಗ ಇರುವುದಿಲ್ಲ.

ನ್ಯಾಷನಲ್ ವೆದರ್ ಸರ್ವಿಸ್ ಕೊಡುವ ಮುನ್ಸೂಚನೆಗಳಲ್ಲಿ ವ್ಯತ್ಯಾಸ ಇದೆ. ವಿಂಟರ್ ಸ್ಟಾರ್ಮ್ ವಾಚ್ ಅಂದರೆ ಬರಬಹುದು, ತಯಾರಿ ಮಾಡಿಕೊಳ್ಳಿ ಅಂತ. ವಿಂಟರ್ ಸ್ಟಾರ್ಮ್ ವಾರ್ನಿಂಗ್ ಅಂದರೆ ಬರುತ್ತಿದೆ, ಇಲ್ಲವೇ ಬಂದೇಬಿಟ್ಟಿದೆ. ಅಡ್ವೈಸರಿ ಅಂದರೆ ತೊಂದರೆ ಕೊಡುತ್ತದೆ, ಎಚ್ಚರದಿಂದಿದ್ದರೆ ನಿಭಾಯಿಸಬಹುದು. ಬ್ಲಿಜರ್ಡ್ ವಾರ್ನಿಂಗ್ ಬಂದರೆ ಯೋಚನೆಯನ್ನೇ ಮಾಡಬೇಡಿ. ಗಂಟೆಗೆ 35 ಮೈಲಿ ಅಥವಾ ಅದಕ್ಕಿಂತ ಜೋರು ಗಾಳಿ, ಕಾಲು ಮೈಲಿಯೂ ಕಣ್ಣಿಗೆ ಕಾಣದ ಸ್ಥಿತಿ, ಅದು ಕಡಿಮೆ ಅಂದರೂ ಮೂರು ಗಂಟೆ. ಐಸ್ ಸ್ಟಾರ್ಮ್ ವಾರ್ನಿಂಗ್ ಬಗ್ಗೆ ಜನ ಅಷ್ಟು ಹೆದರುವುದಿಲ್ಲ, ಹೆದರಬೇಕು. ಹಿಮದ ಮೇಲೆ ಟೈರಿಗೆ ಸ್ವಲ್ಪವಾದರೂ ಹಿಡಿತ ಸಿಗುತ್ತದೆ, ಮಂಜುಗಡ್ಡೆಯ ಮೇಲೆ ಸಿಗುವುದೇ ಇಲ್ಲ.

ಇದಕ್ಕಿಂತ ಗಟ್ಟಿಯಾದ ಗೆರೆ ರಸ್ತೆಯ ಆದೇಶ. ಒಹಾಯೋದಲ್ಲಿ ಪ್ರತಿ ಕೌಂಟಿಯ ಶೆರಿಫ್ (ಪೊಲೀಸ್ ಮುಖ್ಯಸ್ಥ) ಮೂರು ಹಂತದ ಸ್ನೋ ಎಮರ್ಜೆನ್ಸಿ ಘೋಷಿಸುತ್ತಾರೆ. ಲೆವೆಲ್ 1 ಅಂದರೆ ರಸ್ತೆ ಅಪಾಯಕಾರಿ, ಹುಷಾರಾಗಿ ಓಡಿಸಿ. ಲೆವೆಲ್ 2 ಅಂದರೆ ಅಗತ್ಯ ಇದ್ದವರು ಮಾತ್ರ ಹೊರಡಿ, ಕೆಲಸಕ್ಕೆ ಬರಬೇಕಾ ಅಂತ ಮಾಲೀಕರನ್ನು ಕೇಳಿಕೊಳ್ಳಿ. ಆ ಮಾಲೀಕರು ಯಾರು? ನೀವೇ. ಲೆವೆಲ್ 3ರಲ್ಲಿ ತುರ್ತು ಸೇವೆಯವರನ್ನು ಬಿಟ್ಟು ಎಲ್ಲರಿಗೂ ರಸ್ತೆ ಬಂದ್, ಓಡಾಡಿದರೆ ಬಂಧಿಸಲೂಬಹುದು. ಇಂಡಿಯಾನಾದಲ್ಲಿ ಇದೇ ಥರ ಕೌಂಟಿ ಮಟ್ಟದ ಅಡ್ವೈಸರಿ, ವಾಚ್, ವಾರ್ನಿಂಗ್ ಇದೆ. ಬೇರೆ ಕಡೆ ಗವರ್ನರ್ ಅಥವಾ ಕೌಂಟಿ ಟ್ರಾವೆಲ್ ಬ್ಯಾನ್, ಅಂದರೆ ವಾಹನ ಓಡಾಟಕ್ಕೆ ನಿಷೇಧ ಹಾಕುತ್ತಾರೆ. 2013ರ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸ್ ಪೂರ್ತಿ, 2022ರ ಡಿಸೆಂಬರಿನಲ್ಲಿ ಬಫಲೋ ಸುತ್ತಮುತ್ತ ಹಾಗೆ ಹಾಕಿದ್ದರು.

ಗೆರೆ ಎಳೆಯುವಾಗ ಒಂದು ಮುಖ್ಯ ಮಾತು ಮರೆಯಬೇಡಿ. ಯಾರ ಕೌಂಟಿ? ನಾವು ಎಡವಿದ್ದು ಇಲ್ಲೇ. ನಮ್ಮದು ಲೆವೆಲ್ 1, ಅವರದು ಲೆವೆಲ್ 2. ನಮ್ಮ ಕಿಟಕಿಯಿಂದ ನೋಡಿ "ಅಷ್ಟೇನೂ ಇಲ್ಲವಲ್ಲ" ಅಂದುಕೊಂಡೆವು. ಈಗ ನಮ್ಮ ಅಗ್ರಿಮೆಂಟಿನಲ್ಲಿ ಹೀಗಿದೆ: ಅವರ ಮನೆ, ನಮ್ಮ ಮನೆ, ಮಧ್ಯದ ದಾರಿ, ಈ ಮೂರರಲ್ಲಿ ಎಲ್ಲಿ ಹೆಚ್ಚಿನ ಎಚ್ಚರಿಕೆ ಇದೆಯೋ ಅದೇ ಲೆಕ್ಕಕ್ಕೆ. ಬಹಳಷ್ಟು ರಾಜ್ಯಗಳಲ್ಲಿ 511ಕ್ಕೆ ಫೋನ್ ಮಾಡಿದರೆ ದಾರಿಯ ಸ್ಥಿತಿ ಗೊತ್ತಾಗುತ್ತದೆ.

ಶಾಲೆ ಮುಚ್ಚಿದ್ದನ್ನೇ ಗೆರೆ ಮಾಡಿಕೊಳ್ಳುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಮಕ್ಕಳು ಚಳಿಗೆ ನಿಲ್ಲಲಾಗುವುದಿಲ್ಲ ಅಂತಲೂ ಶಾಲೆ ಮುಚ್ಚುತ್ತಾರೆ. ಅಂಥ ದಿನ ರಸ್ತೆ ಒಣಗಿ ಚೆನ್ನಾಗಿರಬಹುದು.

ಹೆಜ್ಜೆ 4: ಯಾರು ನಿರ್ಧಾರ ಮಾಡಿದರು ಅನ್ನುವುದನ್ನು ನೋಡಿ ಸಂಬಳ ತೀರ್ಮಾನಿಸಿ

ನೀವೇ "ಇವತ್ತು ಬೇಡ" ಅಂದರೆ ಪೂರ್ತಿ ಸಂಬಳ. ಇದರಲ್ಲಿ ಚರ್ಚೆ ಇಲ್ಲ. ಬಂದವರನ್ನು ಮಧ್ಯಾಹ್ನ ಹಿಮ ಜೋರಾಯಿತು ಅಂತ ಬೇಗ ಕಳಿಸಿದರೂ ಪೂರ್ತಿ ಸಂಬಳ.

ಸರ್ಕಾರ ರಸ್ತೆ ಮುಚ್ಚಿದೆ, ಅಥವಾ ನೀವು ಬರೆದುಕೊಂಡ ಗೆರೆ ದಾಟಿದೆ. ಆಗಲೂ ಪೂರ್ತಿ ಸಂಬಳ ಕೊಡಿ ಅನ್ನುತ್ತೇನೆ. ನಿಮ್ಮಲ್ಲಿ ಬಹುತೇಕರು ಆವತ್ತು ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು ಕೂತಿರುತ್ತೀರಿ, ನಿಮ್ಮ ಸಂಬಳದಲ್ಲಿ ಒಂದು ಪೈಸೆಯೂ ಕಡಿಮೆಯಾಗಿರುವುದಿಲ್ಲ. ಅದೇ ಹಿಮಕ್ಕೆ ಅವರೊಬ್ಬರೇ ಯಾಕೆ ಬೆಲೆ ಕೊಡಬೇಕು? ಸಂಬಳ ಹೋಗುವ ಹೆದರಿಕೆಗೆ ಅವರು ಹೊರಟುಬಿಟ್ಟರೆ ಏನಾಗಬಹುದು ಅನ್ನುವುದನ್ನೂ ನೆನೆಸಿಕೊಳ್ಳಿ. ಬಾಡಿಗೆ ಕಟ್ಟುವ ವಾರದಲ್ಲಿ ಜನ ಹೊರಡಬಾರದ ರಸ್ತೆಗೂ ಹೊರಡುತ್ತಾರೆ.

ಕೊಡುತ್ತೇವೆ, ಆದರೆ ಮಿತಿ ಬೇಕು ಅನ್ನುವ ಮನೆಗಳೂ ಇವೆ. ಅದು ತಪ್ಪಲ್ಲ. ಚಳಿಗಾಲಕ್ಕೆ ಇಂತಿಷ್ಟು ಹಿಮದ ದಿನಕ್ಕೆ ಪೂರ್ತಿ ಸಂಬಳ, ಅದು ಮುಗಿದರೆ ಅವರ ರಜೆಯಿಂದ, ರಜೆಯೂ ಮುಗಿದರೆ ಸಂಬಳ ಇಲ್ಲ ಅಂತ ಬರೆದುಕೊಳ್ಳಬಹುದು. ನಾವು ಐದು ದಿನ ಅಂತ ಇಟ್ಟಿದ್ದೇವೆ. ಮಿನ್ನೆಸೋಟ, ಮಿಶಿಗನ್ನಿನ ಉತ್ತರದಲ್ಲಿರುವವರಿಗೆ ಜಾಸ್ತಿ ಬೇಕಾಗಬಹುದು. ಒಂದು ಮಾತ್ರ ಮಾಡಬೇಡಿ: ಹಿಮ ಬಿದ್ದ ಮೇಲೆ, ಮೊದಲು ಹೇಳದೆ, ಅವರ ರಜೆಯಲ್ಲಿ ಒಂದು ದಿನ ಮುರಿದುಕೊಳ್ಳುವುದು. ಆ ರಜೆಯನ್ನು ಅವರು ತಂಗಿಯ ಮದುವೆಗೋ, ಆಸ್ಪತ್ರೆಗೋ ಅಂತ ಕೂಡಿಟ್ಟಿರುತ್ತಾರೆ.

ಇನ್ನು, ಗೆರೆ ದಾಟಿಲ್ಲ, ನಿಮಗೆ ಅವರು ಬೇಕು, ಆದರೆ ಅವರಿಗೆ ಓಡಿಸಲು ಭಯ. ಕಷ್ಟದ ಸಂದರ್ಭ ಇದು. ಮೊದಲು ದಾರಿ ಹುಡುಕಿ. ಎರಡು ಗಂಟೆ ತಡವಾಗಿ ಬರಬಹುದಾ? ನೀವೇ ಹೋಗಿ ಕರೆದುಕೊಂಡು ಬರಬಹುದಾ? ಯಾವುದೂ ಆಗದಿದ್ದರೆ ಅವರ ರಜೆಯನ್ನು ಬಳಸಬಹುದು ಅಂತ ಮೊದಲೇ ಬರೆದಿಟ್ಟಿರಿ. ಒತ್ತಾಯ ಮಾತ್ರ ಮಾಡಬೇಡಿ. ಹಿಮದಲ್ಲಿ ಓಡಿಸಿ ಅಭ್ಯಾಸ ಇಲ್ಲದವರು ನಿಮ್ಮ ಮಾತಿಗೆ ಕಟ್ಟುಬಿದ್ದು ಹೊರಡುವುದು ಯಾರಿಗೂ ಬೇಡ. ಪ್ರತಿ ಸಣ್ಣ ಹಿಮಕ್ಕೂ ಇದೇ ಆಗುತ್ತಿದ್ದರೆ ಅದನ್ನು ಬಿಸಿಲಿನ ದಿನ ಕೂತು ಮಾತಾಡಿ, ಆ ಬೆಳಗ್ಗೆ ಬೇಡ.

ತಡವಾಗಿ ಬಂದರೆ? ಹೊರಟಾಗ ಮೆಸೇಜ್ ಹಾಕಿ, ಹುಷಾರಾಗಿ ಓಡಿಸಿಕೊಂಡು ಒಂದು ಗಂಟೆ ತಡ ಮಾಡಿದವರ ಸಂಬಳದಿಂದ ಆ ಒಂದು ಗಂಟೆ ಕಳೆಯುವುದು ನನ್ನ ಕೈಯಲ್ಲಂತೂ ಆಗುವುದಿಲ್ಲ.

ಹೆಜ್ಜೆ 5: ಬರೆದಿಡಿ

ದೊಡ್ಡ ವಕೀಲರ ಭಾಷೆ ಬೇಡ. ಇಬ್ಬರಿಗೂ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ ಅರ್ಧ ಪುಟ ಸಾಕು. ಧಾಟಿ ಹೀಗಿರಲಿ:

"ನಿಮ್ಮ ಮನೆ, ನಮ್ಮ ಮನೆ ಅಥವಾ ನೀವು ಬರುವ ದಾರಿಯಲ್ಲಿ ಲೆವೆಲ್ 2 ಅಥವಾ ಅದಕ್ಕಿಂತ ಹೆಚ್ಚಿನ ಸ್ನೋ ಎಮರ್ಜೆನ್ಸಿ, ಟ್ರಾವೆಲ್ ಬ್ಯಾನ್, ಬ್ಲಿಜರ್ಡ್ ಅಥವಾ ಐಸ್ ಸ್ಟಾರ್ಮ್ ವಾರ್ನಿಂಗ್ ಇದ್ದರೆ ನೀವು ಬರುವುದು ಬೇಡ. ಚಳಿಗಾಲಕ್ಕೆ ಐದು ದಿನದವರೆಗೆ ಪೂರ್ತಿ ಸಂಬಳ ಸಿಗುತ್ತದೆ. ಅದರ ನಂತರ ನಿಮ್ಮ ರಜೆಯನ್ನು ಬಳಸಬಹುದು. ನಾವೇ ಬೇಡ ಅಂದ ದಿನ ಈ ಐದರ ಲೆಕ್ಕಕ್ಕೆ ಸೇರುವುದಿಲ್ಲ. ಬೆಳಗ್ಗೆ ಐದೂ ಮುಕ್ಕಾಲರೊಳಗೆ ನಾವು ಮೆಸೇಜ್ ಮಾಡುತ್ತೇವೆ. ರಸ್ತೆ ಸುರಕ್ಷಿತವಲ್ಲ ಅಂತ ನಿಮಗೆ ಅನಿಸಿದರೆ ಅಷ್ಟರೊಳಗೆ ನೀವೂ ತಿಳಿಸಿ."

ಇದರ ಜೊತೆಗೆ ನಮ್ಮ ಮನೆಯಲ್ಲೇ ಉಳಿದುಕೊಳ್ಳಬೇಕಾಗಿ ಬಂದರೆ ಏನು, ಹಿಮದಲ್ಲಿ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯಬಹುದಾ ಅನ್ನುವುದನ್ನೂ ಸೇರಿಸಿ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ನೆನಪಿಡಿ, ಬರೆದು ಕೊಟ್ಟ ಮೇಲೆ ಅದು ಉಪಕಾರ ಅಲ್ಲ, ಕೊಡಲೇಬೇಕಾದ ಹಣ.

ಎರಡು ಮನೆಗಳು ಸೇರಿ ಒಬ್ಬರೇ ನ್ಯಾನಿಯನ್ನು ಇಟ್ಟುಕೊಂಡಿದ್ದರೆ ಇಬ್ಬರ ಅಗ್ರಿಮೆಂಟಿನಲ್ಲೂ ಒಂದೇ ಕಲಮು ಇರಲಿ. ಒಂದು ಮನೆಯವರು ಕೊಟ್ಟು ಇನ್ನೊಂದು ಮನೆಯವರು ಕಳೆದರೆ ನ್ಯಾನಿಗೂ ಮುಜುಗರ, ನಿಮ್ಮ ಸ್ನೇಹಕ್ಕೂ ಕೆಡುಕು.

ಹೆಜ್ಜೆ 6: ಹಿಂದಿನ ರಾತ್ರಿ

ವಾರ್ನಿಂಗ್ ಬಂದಿದ್ದರೆ ರಾತ್ರಿ ಎಂಟರ ಹೊತ್ತಿಗೆ ಒಂದು ಮೆಸೇಜ್ ಹಾಕಿ. "ನಾಳೆ ಹೀಗಿದೆ ಅಂತೆ. ಬೆಳಗ್ಗೆ ಐದೂ ಮುಕ್ಕಾಲಿಗೆ ತಿಳಿಸುತ್ತೇನೆ. ಬರಲಾಗದಿದ್ದರೆ ಸಂಬಳದ ಚಿಂತೆ ಬೇಡ." ಕೊನೆಯ ಆ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ಅಗ್ರಿಮೆಂಟಿನಲ್ಲಿ ಇದ್ದರೂ ಬರೆಯಿರಿ. ಅದನ್ನು ಓದಿ ಮಲಗಿದವರಿಗೆ ನಿದ್ದೆ ಬರುತ್ತದೆ.

ಅದೇ ರಾತ್ರಿ ಗಂಡ-ಹೆಂಡತಿ ಕೂತು ನಾಳೆ ಮಗು ಯಾರ ಪಾಲಿಗೆ ಯಾವ ಗಂಟೆಗೆ ಅಂತ ಹಂಚಿಕೊಳ್ಳಿ. ಬೆಳಗ್ಗೆ ಎಂಟರಿಂದ ಹತ್ತೂವರೆ ಒಬ್ಬರು, ಅಲ್ಲಿಂದ ಮಗುವಿನ ನಿದ್ದೆಯವರೆಗೆ ಇನ್ನೊಬ್ಬರು, ಹೀಗೆ. ತಪ್ಪಿಸಲಾಗದ ಮೀಟಿಂಗ್ ಯಾವುದು, ಮುಂದೂಡಬಹುದಾದದ್ದು ಯಾವುದು ನೋಡಿ. ಈ ತಯಾರಿ ಇಲ್ಲದಿದ್ದರೆ ಬೆಳಗಿನ ನಿಮ್ಮ ಗಾಬರಿ ಮೆಸೇಜಿನ ಧಾಟಿಯಲ್ಲಿ ಇಣುಕುತ್ತದೆ. "ಸ್ವಲ್ಪ ಟ್ರೈ ಮಾಡಿ ನೋಡ್ತೀರಾ?" ಅನ್ನುವ ಮೆಸೇಜ್ ನಿಮಗೆ ವಿನಂತಿ. ಸಂಬಳ ತೆಗೆದುಕೊಳ್ಳುವವರಿಗೆ ಅದು ಅಪ್ಪಣೆ.

ಇಬ್ಬರೂ ಆಸ್ಪತ್ರೆಯಂಥ ಕಡೆ ಕೆಲಸ ಮಾಡುವವರಾದರೆ ಮನೆಯಲ್ಲಿ ಉಳಿಯುವುದೇ ಸಾಧ್ಯವಿಲ್ಲ. ಅಂಥವರು ನ್ಯಾನಿಯನ್ನು ಹಿಂದಿನ ರಾತ್ರಿಯೇ ಬಂದು ಉಳಿಯಲು ಕೇಳಬಹುದು. ಕೇಳಬಹುದು ಅಷ್ಟೇ. ಅವರ ಮನೆಯಲ್ಲೂ ಮಕ್ಕಳಿರಬಹುದು. ಅದಕ್ಕೆ ಬೇರೆ ಹಣ ನಿಗದಿ ಮಾಡಿ, ಬಾಗಿಲಿರುವ ಒಂದು ಕೋಣೆ ಕೊಡಿ.

ಹೆಜ್ಜೆ 7: ಬರುವ ದಿನ ದಾರಿ ನಿಮ್ಮ ಬಾಗಿಲಿನವರೆಗೆ ಸರಿಯಿರಲಿ

ಹದಿನೈದು ಮೈಲಿ ಜೋಪಾನವಾಗಿ ಓಡಿಸಿಕೊಂಡು ಬಂದವರು ನಿಮ್ಮ ಮೆಟ್ಟಿಲ ಮೇಲೆ ಜಾರಿ ಬೀಳಬಾರದು. ಅವರು ಬರುವ ಮೊದಲೇ ಡ್ರೈವ್‌ವೇ, ಮೆಟ್ಟಿಲು, ಬಾಗಿಲ ಮುಂದಿನ ಹಿಮ ತೆಗೆದು ಉಪ್ಪು ಹಾಕಿ. ಕಾರು ನಿಲ್ಲಿಸಲು ಜಾಗ ಬಿಡಿ. ಸ್ನೋ ಎಮರ್ಜೆನ್ಸಿ ಇದ್ದಾಗ ಎಷ್ಟೋ ಊರುಗಳಲ್ಲಿ ರಸ್ತೆ ಬದಿ ನಿಲ್ಲಿಸಿದ ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಹಿಮ ತೆಗೆಯುವುದು ನ್ಯಾನಿಯ ಕೆಲಸ ಅಲ್ಲ. ಸಂಜೆ ಅವರು ಹೊರಡುವ ಮುಂಚೆ ಅವರ ಕಾರಿನ ಮೇಲಿನದನ್ನೂ ನೀವೇ ತೆಗೆದುಕೊಟ್ಟರೆ ಒಳ್ಳೆಯದು.

ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವ ವಿಷಯದಲ್ಲಿ ನಮ್ಮ ಮನೆಯ ನಿಯಮ ಸರಳ: ರಸ್ತೆಯಲ್ಲಿ ಹಿಮ ಇದ್ದರೆ ಕಾರು ಹೊರಡುವುದಿಲ್ಲ, ಸ್ವಿಮ್ಮಿಂಗ್ ಕ್ಲಾಸಿಗೂ ಇಲ್ಲ, ಲೈಬ್ರರಿಗೂ ಇಲ್ಲ. ಹೋಗಲೇಬೇಕಾದರೆ ಎರಡು ಮಾತು. ದಪ್ಪ ಉಬ್ಬಿದ ಜಾಕೆಟ್ ಹಾಕಿದ ಮಗುವನ್ನು ಕಾರ್ ಸೀಟಿನ ಪಟ್ಟಿಯೊಳಗೆ ಕಟ್ಟಬಾರದು, ಪಟ್ಟಿ ಸಡಿಲವಾಗೇ ಉಳಿಯುತ್ತದೆ. ಕಟ್ಟಿದ ಮೇಲೆ ಮೇಲಿಂದ ಹೊದಿಸಿ. ಎರಡನೆಯದು, ಕಾರಿನ ಹಿಂದಿನ ಹೊಗೆ ಕೊಳವೆಗೆ ಹಿಮ ತುಂಬಿದ್ದರೆ ಎಂಜಿನ್ ಹಾಕಿ ಮಗುವನ್ನು ಒಳಗೆ ಕೂರಿಸಬಾರದು. ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ.

ಶಾಲೆಗೆ ಹೋಗುವ ದೊಡ್ಡ ಮಗುವಿದ್ದರೆ ಇನ್ನೊಂದು ಲೆಕ್ಕ. ಶಾಲೆ ಮುಚ್ಚಿದ ದಿನ ನ್ಯಾನಿ ಬಂದರೆ ಅವರ ಕೈಗೆ ಒಂದರ ಬದಲು ಎರಡು ಮಕ್ಕಳು. ಆ ದಿನಕ್ಕೆ ಗಂಟೆಗೆ ಎಷ್ಟು ಜಾಸ್ತಿ ಅನ್ನುವುದನ್ನೂ ಮೊದಲೇ ಬರೆದಿಡಿ.

ಹೆಜ್ಜೆ 8: ಬಂದವರು ವಾಪಸ್ ಹೋಗಲಾಗದಿದ್ದರೆ

2014ರ ಜನವರಿ 28ರಂದು ಅಟ್ಲಾಂಟಾದಲ್ಲಿ ಬಿದ್ದದ್ದು ಸುಮಾರು ಎರಡು ಇಂಚು ಹಿಮ. ಅಷ್ಟಕ್ಕೇ ಊರೆಲ್ಲ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿತು, ಮಕ್ಕಳು ಶಾಲೆಗಳಲ್ಲೇ ರಾತ್ರಿ ಕಳೆದರು. 2022ರ ಜನವರಿಯಲ್ಲಿ ವರ್ಜೀನಿಯಾದ ಐ-95 ರಸ್ತೆಯಲ್ಲಿ ಕೆಲವರು ಇಡೀ ದಿನಕ್ಕಿಂತ ಹೆಚ್ಚು ಹೊತ್ತು ಕಾರಿನಲ್ಲೇ ಕಳೆದರು. ಹಾಗಾಗಿ ಇದು ನಮಗೆ ಆಗುವುದಿಲ್ಲ ಅಂದುಕೊಳ್ಳಬೇಡಿ. ಬಹಳ ಜನ ಯೋಚಿಸದೇ ಬಿಡುವ ಭಾಗ ಇದೇ, ಸಂಬಳದ ಲೆಕ್ಕ ಎಲ್ಲಕ್ಕಿಂತ ಜಟಿಲವಾಗುವುದೂ ಇಲ್ಲೇ.

ಮೊದಲ ಸಂದರ್ಭ: ನೀವು ಮನೆಯಲ್ಲಿದ್ದೀರಿ, ಅವರಿಗೆ ಹೊರಡಲಾಗುತ್ತಿಲ್ಲ. ಮಂಗಳವಾರ ಬೆಳಗ್ಗೆ ಎಂಟಕ್ಕೆ ಬಂದವರು, ಸಂಜೆ ಆರಕ್ಕೆ ಮಗುವನ್ನು ನಿಮ್ಮ ಕೈಗೆ ಕೊಟ್ಟರು. ಅಲ್ಲಿಗೆ ಕೆಲಸ ಮುಗಿಯಿತು, ಹತ್ತು ಗಂಟೆ. ಅಲ್ಲಿಂದ ಅವರು ನಿಮ್ಮ ಮನೆಯ ಅತಿಥಿ. ಊಟ, ಹಾಸಿಗೆ, ಬಾಗಿಲು ಮುಚ್ಚಿಕೊಳ್ಳಲು ಒಂದು ಕೋಣೆ, ಇವು ನಿಮ್ಮ ಜವಾಬ್ದಾರಿ. ಆ ಹೊತ್ತಿಗೆ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅತಿಥಿ ಅಂದರೆ ಅತಿಥಿಯೇ. "ಹೇಗೂ ಇದ್ದೀರಲ್ಲ, ಸ್ವಲ್ಪ ಸ್ನಾನ ಮಾಡಿಸ್ತೀರಾ" ಅಂದ ಕ್ಷಣಕ್ಕೆ ಗಡಿಯಾರ ಮತ್ತೆ ಶುರು.

ಎರಡನೆಯದು: ನೀವೇ ದಾರಿಯಲ್ಲಿ ಸಿಕ್ಕಿಕೊಂಡಿದ್ದೀರಿ, ಮಗುವಿನ ಜೊತೆ ಅವರೊಬ್ಬರೇ. ಆಗ ಪ್ರತಿ ಗಂಟೆಯೂ ಕೆಲಸ. 24 ಗಂಟೆಗಿಂತ ಕಡಿಮೆ ಹೊತ್ತಾದರೆ ಅವರು ಮಗುವಿನ ಪಕ್ಕ ನಿದ್ದೆ ಮಾಡಿದ ಸಮಯಕ್ಕೂ ಸಂಬಳ ಕೊಡಬೇಕು, ಇದು ಫೆಡರಲ್ ನಿಯಮ. 24 ಗಂಟೆ ಅಥವಾ ಜಾಸ್ತಿ ಆದರೆ, ಮೊದಲೇ ಒಪ್ಪಂದ ಇದ್ದು, ಮಲಗಲು ಸರಿಯಾದ ಜಾಗ ಇದ್ದು, ಕಡಿಮೆ ಅಂದರೂ ಐದು ಗಂಟೆ ನಿದ್ದೆ ಸಿಕ್ಕಿದ್ದರೆ, ನಿದ್ದೆಯ ಎಂಟು ಗಂಟೆಯವರೆಗೆ ಕಳೆಯಬಹುದು. ಮಧ್ಯೆ ಮಗು ಎಬ್ಬಿಸಿದ ಹೊತ್ತನ್ನು ಕಳೆಯುವಂತಿಲ್ಲ. ಕಳೆಯಬಹುದು ಅಂತ ಕಾನೂನು ಹೇಳಿದರೂ ಕಳೆಯಬೇಡಿ ಅನ್ನುವುದು ನನ್ನ ಮಾತು. ಬಿರುಗಾಳಿಯ ರಾತ್ರಿ ನಿಮ್ಮ ಮಗುವಿನ ಜೊತೆ ಒಬ್ಬರೇ ಇದ್ದು ಕಾಪಾಡಿದವರಿಗೆ ಪೂರ್ತಿ ಕೊಡಿ.

ಇದಕ್ಕಾಗಿ ಮನೆಯಲ್ಲಿ ಒಂದು ಚೀಲ ಇಡಿ. ಅವರ ಅಳತೆಯ ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್, ಅವರ ಫೋನಿಗೆ ಹೊಂದುವ ಚಾರ್ಜರ್. ಅವರು ದಿನಾ ಮಾತ್ರೆ ತೆಗೆದುಕೊಳ್ಳುವವರಾದರೆ ಚಳಿಗಾಲದಲ್ಲಿ ಎರಡು ದಿನದ್ದು ಜೊತೆಗೇ ಇಟ್ಟುಕೊಳ್ಳಲು ಹೇಳಿ. ಕರೆಂಟ್ ಹೋದರೆ ಟಾರ್ಚ್ ಎಲ್ಲಿದೆ, ನೀರಿನ ಮೇನ್ ವಾಲ್ವ್ ಎಲ್ಲಿದೆ, ನಡೆದುಹೋಗುವಷ್ಟು ಹತ್ತಿರದಲ್ಲಿ ಯಾರು ಪರಿಚಯದವರಿದ್ದಾರೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

ಹೆಜ್ಜೆ 9: ಶುಕ್ರವಾರದ ಲೆಕ್ಕ

ಗಂಟೆಗೆ 22 ಡಾಲರ್, ವಾರಕ್ಕೆ 40 ಗಂಟೆ ಗ್ಯಾರಂಟಿ ಅಂತ ಇಟ್ಟುಕೊಳ್ಳಿ. ಮಂಗಳವಾರ ಹಿಮದಿಂದ ಎಂಟು ಗಂಟೆ ಕೆಲಸ ಇಲ್ಲ. ಮಾಡಿದ್ದು 32, ಕೊಡುವುದು 40ಕ್ಕೆ, ಅಂದರೆ 880 ಡಾಲರ್. ಪೇ ಸ್ಟಬ್ಬಿನಲ್ಲಿ (ಸಂಬಳದ ಚೀಟಿಯಲ್ಲಿ) 32 ಗಂಟೆ ಕೆಲಸ, 8 ಗಂಟೆ ಹಿಮದ ರಜೆ ಅಂತ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಯಾಕೆಂದರೆ ಫೆಡರಲ್ ನಿಯಮದಲ್ಲಿ ಓವರ್‌ಟೈಮಿಗೆ ಎಣಿಸುವುದು ನಿಜವಾಗಿ ದುಡಿದ ಗಂಟೆ ಮಾತ್ರ. ಅದೇ ವಾರ ಶನಿವಾರ ಆರು ಗಂಟೆ ಬಂದರೆ ದುಡಿದದ್ದು 38. ಆ ಆರು ಗಂಟೆಗೆ 22ರ ದರದಲ್ಲೇ 132 ಸೇರಿಸಿ, ಒಟ್ಟು 1,012 ಕೊಟ್ಟರಾಯಿತು.

ಈಗ ಬಹಳ ಜನ ಬೀಳುವ ಹಳ್ಳ. "ಈ ವಾರದ ಎಂಟು ಗಂಟೆಯನ್ನು ಮುಂದಿನ ವಾರ ಮಾಡಿಕೊಡಿ, ಸರಿಹೋಯಿತು" ಅನ್ನುತ್ತಾರೆ. ಸರಿಹೋಗುವುದಿಲ್ಲ. ಕಾನೂನಿಗೆ ಪ್ರತಿ ವಾರವೂ ಬೇರೆ, ಎರಡು ವಾರ ಸೇರಿಸಿ ಸರಾಸರಿ ತೆಗೆಯುವ ಹಾಗಿಲ್ಲ. ಮುಂದಿನ ವಾರ ಅವರು 48 ಗಂಟೆ ದುಡಿದರೆ 40ಕ್ಕೆ 880, ಉಳಿದ ಎಂಟಕ್ಕೆ ಗಂಟೆಗೆ 33ರಂತೆ 264, ಒಟ್ಟು 1,144 ಡಾಲರ್ ಕೊಡಲೇಬೇಕು. ಹಿಮದ ದಿನಕ್ಕೆ ಕೊಟ್ಟಿದ್ದೇವಲ್ಲ ಅನ್ನುವುದು ನಡೆಯುವುದಿಲ್ಲ. ಹೋದ ಗಂಟೆಯನ್ನು ಹೋಯಿತು ಅಂತ ಬಿಟ್ಟುಬಿಡಿ.

ಹಿಮದ ದಿನಕ್ಕೆ ಕೊಟ್ಟದ್ದೂ ಸಂಬಳವೇ. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆಗಳು ಸೇರಿ ಅವರ ಪಾಲು 7.65%, ನಿಮ್ಮ ಪಾಲು 7.65%. 2025ರಲ್ಲಿ ಅವರ ಸಂಬಳ ವರ್ಷಕ್ಕೆ 2,800 ಡಾಲರ್ ತಲುಪಿದರೆ ಇದು ಅನ್ವಯಿಸುತ್ತಿತ್ತು. ಈ ಮಿತಿ ವರ್ಷ ವರ್ಷ ಬದಲಾಗುತ್ತದೆ, ಐಆರ್‌ಎಸ್‌ನ (ಫೆಡರಲ್ ತೆರಿಗೆ ಇಲಾಖೆಯ) ಪಬ್ಲಿಕೇಶನ್ 926ರಲ್ಲಿ ನೋಡಿಕೊಳ್ಳಿ. ಹಿಮದ ದಿನದ್ದನ್ನು ಮಾತ್ರ ಕೈಯಲ್ಲಿ ನಗದು ಕೊಟ್ಟು ಲೆಕ್ಕದಿಂದ ಬಿಡುವುದು ಬೇಡ. ಹಾಜರಿ, ಸಂಬಳದ ದಾಖಲೆಯನ್ನು ಕಡಿಮೆ ಅಂದರೂ ನಾಲ್ಕು ವರ್ಷ ಇಟ್ಟುಕೊಳ್ಳಬೇಕು. ಹಿಮದ ದಿನ ಯಾವ ಎಚ್ಚರಿಕೆ ಜಾರಿಯಲ್ಲಿತ್ತು ಅನ್ನುವ ಒಂದು ಸ್ಕ್ರೀನ್‌ಶಾಟನ್ನೂ ಅದರ ಜೊತೆ ಸೇರಿಸಿ.

ಹೆಜ್ಜೆ 10: ಮಾರ್ಚಿನಲ್ಲಿ ಒಮ್ಮೆ ಕೂತು ಮಾತಾಡಿ

ಹಿಮ ಕರಗಿದ ಮೇಲೆ ಒಂದು ಅರ್ಧ ಗಂಟೆ. ಎಷ್ಟು ದಿನ ಹೋಯಿತು, ಯಾವ ದಿನ ನಿಮಗೆ ಕಷ್ಟವಾಯಿತು ಅಂತ ಅವರನ್ನು ಕೇಳಿ. ಆ ಮಾತಾಡುವ ಹೊತ್ತಿಗೂ ಸಂಬಳ ಕೊಡಿ.

ನಮ್ಮ ಅಗ್ರಿಮೆಂಟಿನಲ್ಲಿ ಮೊದಲು ಬೆಳಗಿನ ಮೆಸೇಜಿನ ಸಮಯ ಆರೂವರೆ ಅಂತ ಇತ್ತು. ಈಗಿರುವ ನ್ಯಾನಿ ಎರಡು ಚಳಿಗಾಲ ಕಳೆದ ಮೇಲೆ, ಆ ಮಾರ್ಚಿನ ಮಾತುಕತೆಯಲ್ಲಿ, ಸಂಕೋಚದಿಂದ ಹೇಳಿದರು: ಆರೂವರೆಗೆ ಮೆಸೇಜ್ ಬರುವಷ್ಟರಲ್ಲಿ ಅವರು ಆಗಲೇ ಎದ್ದು, ಕತ್ತಲಲ್ಲಿ ಕಾರಿನ ಮೇಲಿನ ಹಿಮವನ್ನೆಲ್ಲ ಕೆರೆದು, ಎಂಜಿನ್ ಬಿಸಿ ಮಾಡಿ ಕೂತಿರುತ್ತಿದ್ದರು. ಐದೂ ಮುಕ್ಕಾಲು ಅಂತ ತಿದ್ದಿದ್ದು ಆವತ್ತೇ.